ಟ್ಯುಲಿಪ್ ನೋಡಲು ಹೋಗಿ ದಂಟು ಎಣಿಸಿದ್ದು

‘ಏಪ್ರಿಲ್ ಕೊನೆವರೆಗೂ ಹೂ ಇರುತ್ತೆ ಸಾರ್’ ಎಂದ ಟ್ರಾವೆಲ್ಸ್‌ನವರ ಮಾತು ನಂಬಿ ನಾವು ಶ್ರೀನಗರಕ್ಕೆ ಹೋದದ್ದು ಏಪ್ರಿಲ್ 19ಕ್ಕೆ. ಝಬರ್ವಾನ್ ಬೆಟ್ಟದ ಬುಡದ ಟ್ಯುಲಿಪ್ ತೋಟದೊಳಗೆ ಕಾಲಿಟ್ಟರೆ ಮುಂದಿನ ಮಡಿಗಳಲ್ಲಿ ಹೂವೇ ಇಲ್ಲ! ಬರೀ ತಲೆಯಿಲ್ಲದ ಹಸಿರು ದಂಟು. ಮಾಲಿಯೊಬ್ಬರು ಬಾಡಿದ ಹೂಗಳನ್ನು ಪಟಪಟ ಮುರಿದು ಬುಟ್ಟಿಗೆ ಹಾಕುತ್ತಿದ್ದರು. ಹೆಂಡತಿ ನನ್ನ ಮುಖ ನೋಡಿದಳು.

ಹರಕುಮುರುಕು ಹಿಂದಿಯಲ್ಲಿ ಯಾಕೆಂದು ಕೇಳಿದೆ. ಬೀಜ ಕಟ್ಟಲು ಬಿಟ್ಟರೆ ಗಡ್ಡೆ ಸೊರಗುತ್ತದಂತೆ. ಸಾಮಾನ್ಯವಾಗಿ ಒಂದು ದಂಟಿಗೆ ಒಂದೇ ಹೂ, ಗುಲಾಬಿ ತರ ಮತ್ತೆ ಮೊಗ್ಗು ಬರುವುದಿಲ್ಲ. ತಂಪಿದ್ದರೆ ಒಂದೆರಡು ವಾರ ತಾಳುತ್ತದೆ. ಸೆಕೆ ಏರಿದರೆ ಕೆಲವೇ ದಿನಕ್ಕೆ ಎಸಳು ಉದುರುತ್ತದೆ. ಆ ವಾರ ಮಧ್ಯಾಹ್ನ ನಾವೇ ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿದ್ದೆವು.

ಲಾಲ್‌ಬಾಗ್ ಫ್ಲವರ್ ಶೋ ಆದರೆ ಆಗಸ್ಟ್ 15ರ ಆಸುಪಾಸು ಹೋದರಾಯಿತು, ಅಲ್ವಾ? ಇಲ್ಲಿ ಹಾಗಲ್ಲ. ತೋಟ ಮಾರ್ಚ್ ಕೊನೆಯ ಹೊತ್ತಿಗೆ ತೆರೆದು ಹೆಚ್ಚುಕಮ್ಮಿ ಒಂದು ತಿಂಗಳು ಇರುತ್ತದೆ ನಿಜ. ಆದರೆ ಬೇಗ ಅರಳುವ, ನಡುವೆ ಅರಳುವ, ತಡವಾಗಿ ಅರಳುವ ತಳಿಗಳನ್ನು ಬೇರೆಬೇರೆ ಮಡಿಗಳಲ್ಲಿ ನೆಟ್ಟು ಆ ತಿಂಗಳನ್ನು ಎಳೆಯುತ್ತಾರೆ. ಟ್ರಯಂಫ್, ದಪ್ಪ ಹೂವಿನ ಡಾರ್ವಿನ್ ಹೈಬ್ರಿಡ್ ನಡುವಿನವು. ಅವು ಮುಗಿದಿದ್ದವು. ನಮ್ಮ ಪಾಲಿಗೆ ಉಳಿದದ್ದು ತಡದ ಪ್ಯಾರಟ್ ಟ್ಯುಲಿಪ್. ಎಸಳಿನ ಅಂಚೆಲ್ಲ ಹರಿದ ಹಾಗೆ, ಕೆಂಪಿನ ಮೇಲೆ ಹಸಿರು ಗೀರು. ಬೆಳಿಗ್ಗೆ ಮುಷ್ಟಿ ಬಿಗಿದಂತಿದ್ದ ಹೂ, ಬಿಸಿಲು ಬಿದ್ದ ಮೇಲೆ ಅಂಗೈಯಷ್ಟು ಅಗಲ ಆಯಿತು. ಅದೊಂದಕ್ಕೆ ಹೋದದ್ದು ವಸೂಲ್.

ಹೋಗುವವರು ಏಪ್ರಿಲ್ ಮೊದಲ ಹತ್ತು ದಿನ ಹಿಡಿಯಿರಿ. ಆ ವರ್ಷ ತೋಟ ಯಾವತ್ತು ತೆರೆಯಿತು ಅಂತ ಮೊದಲು ನೋಡಿ. ಮಾರ್ಚ್‌ನಲ್ಲೇ ಸೆಕೆ ಜಾಸ್ತಿ ಇದ್ದರೆ ಇನ್ನೂ ಬೇಗ ಹೊರಡಿ. ಹೂ ತುಂಬಿದ ಆ ದಿನಗಳಲ್ಲಿ ಜಾತ್ರೆಯಷ್ಟು ಜನ ಇರುತ್ತಾರೆ. ನನಗಂತೂ ಆ ಗದ್ದಲ ಆಗುವುದಿಲ್ಲ, ವಾರದ ನಡುವೆ ಬಾಗಿಲು ತೆರೆಯುವ ಹೊತ್ತಿಗೇ ನುಗ್ಗುತ್ತೇನೆ.

‘ಲೇಕ್ ವ್ಯೂ’ ರೂಮಿಗೆ ಸುಮ್ನೆ ದುಡ್ಡು ಸುರಿಯಬೇಡಿ. ರಾತ್ರಿಗೆ 4,500 ಕೊಟ್ಟ ನಮಗೆ ಸರೋವರ ಕಂಡದ್ದು ಬಚ್ಚಲ ಕಿಟಕಿಯಿಂದ, ಅದೂ ತುದಿಗಾಲಲ್ಲಿ ನಿಂತರೆ.

ಬೆಳಗಿನ ತಿಂಡಿಗೆ ಹೋಟೆಲ್ ಬುಫೆ ಬಿಟ್ಟು ಗಲ್ಲಿಯ ಕಾಂದುರ್ (ಕಾಶ್ಮೀರಿ ರೊಟ್ಟಿ ಸುಡುವವರ) ಅಂಗಡಿಗೆ ಹೋಗಿ. ತಂದೂರಿನ ಗೋಡೆಗೆ ಬಡಿದು ಬೇಯಿಸುವ ಗಿರ್ದಾ ರೊಟ್ಟಿ. ಮೇಲೆ ಬೆರಳೊತ್ತಿದ ಸಾಲು, ಕೆಳಗೆ ಗರಿಗರಿ, ಒಳಗೆ ಮೆತ್ತಗೆ. ಬೆಣ್ಣೆ ಸವರಿ, ಪಕ್ಕದ ಅಂಗಡಿಯ ನೂನ್ ಚಾಯ್‌ಗೆ ಅದ್ದಿ ತಿಂದೆವು. ಗುಲಾಬಿ ಬಣ್ಣದ ಉಪ್ಪು ಚಹಾ, ಮೊದಲ ಗುಟುಕಿಗೆ ಮುಖ ಹಿಂಡುತ್ತದೆ. ಮೂರನೇ ದಿನ ಹೆಂಡತಿಯೇ ನನ್ನನ್ನು ಆರಕ್ಕೆ ಎಬ್ಬಿಸಿದಳು. ಇಬ್ಬರಿಗೂ ಸೇರಿ ಬೆಂಗಳೂರಿನ ಒಂದು ಮಸಾಲೆ ದೋಸೆಯ ದುಡ್ಡೂ ಆಗಲಿಲ್ಲ.