ನಿರ್ಣಯ ಅಂಗೀಕಾರವಾದ ಮೇಲೆ

ಜಗತ್ತಿನ ಯಾವುದೋ ಭಾಗದಲ್ಲಿ ದೊಡ್ಡ ಅನ್ಯಾಯ ನಡೆದಾಗ ನಮ್ಮ ಕ್ರೈಸ್ತ ಸಭೆಗಳು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತವೆ. ಭಾನುವಾರದ ಆರಾಧನೆಯಲ್ಲಿ ಆ ದೇಶದ ಹೆಸರು ಹೇಳಿ ಪ್ರಾರ್ಥಿಸುತ್ತವೆ, ಸಭೆಯ ಆಡಳಿತ ಪರಿಷತ್ತಾದ ಸಿನೊಡ್ ಕೂಡಿದಾಗ ಖಂಡನೆಯ ನಿರ್ಣಯವೊಂದನ್ನು ಅಂಗೀಕರಿಸುತ್ತವೆ. ಎರಡನ್ನೂ ನಾನು ಹಗುರವಾಗಿ ಕಾಣುವವನಲ್ಲ. ಆದರೆ ನಿರ್ಣಯ ಅಂಗೀಕಾರವಾದ ಮರುದಿನ ಸಭೆಯ ಹಣ, ಸಭೆಯ ಸಂಬಂಧಗಳು, ಸಭೆಯ ಪದ್ಧತಿಗಳು ಎಲ್ಲವೂ ಹಿಂದಿನ ದಿನ ಇದ್ದಂತೆಯೇ ಇದ್ದರೆ ಆ ಕಾಗದದಿಂದ ಯಾರಿಗೆ ಏನಾಯಿತು ಎಂದು ಕೇಳಲೇಬೇಕಾಗುತ್ತದೆ. ಸಭೆಯು ತನ್ನದೇನನ್ನಾದರೂ ಪಣಕ್ಕಿಟ್ಟಾಗ ಮಾತ್ರ ಅದರ ಮಾತನ್ನು ಅನ್ಯಾಯ ನಡೆಸುವವರು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಎಂಬುದು ನನ್ನ ತಿಳಿವಳಿಕೆ. ಇದಕ್ಕೆ ದಕ್ಷಿಣ ಆಫ್ರಿಕಾದಷ್ಟು ವಿವರವಾದ ಸಾಕ್ಷ್ಯ ಬೇರೆಲ್ಲೂ ಸಿಗುವುದಿಲ್ಲ.

ಅಲ್ಲಿನ ವರ್ಣಭೇದ ನೀತಿಯ ಒಂದು ಬೇರು ಚರ್ಚಿನೊಳಗೇ ಇತ್ತು. ಬಣ್ಣದ ಭೇದವಿಲ್ಲದೆ ಎಲ್ಲರೂ ಒಟ್ಟಾಗಿ ಕರ್ತನ ಭೋಜನವನ್ನು ಸ್ವೀಕರಿಸಬೇಕೆಂದು 1829ರಲ್ಲಿ ತೀರ್ಮಾನಿಸಿದ್ದ ಕೇಪ್ ಪ್ರಾಂತದ ಡಚ್ ರಿಫಾರ್ಮ್ಡ್ ಸಭೆಯ ಸಿನೊಡ್, 1857ರಲ್ಲಿ ಮೆಲ್ಲಗೆ ಹಿಂದೆ ಸರಿಯಿತು. ಒಟ್ಟಿಗೆ ಆರಾಧಿಸುವುದೇ ವಾಕ್ಯಕ್ಕೆ ಅನುಗುಣವಾದದ್ದು, ಆದರೆ ಕೆಲವರ ಬಲಹೀನತೆಯ ದೆಸೆಯಿಂದ ಅದು ಕ್ರಿಸ್ತನ ಕಾರ್ಯಕ್ಕೆ ಅಡ್ಡಿಯಾಗುವುದಾದರೆ ಬೇರೆ ಕಟ್ಟಡದಲ್ಲಿ ಕೂಡಿಬರಬಹುದು ಎಂಬುದು ಆ ವರ್ಷದ ನಿರ್ಣಯದ ಸಾರ. ಬಲಹೀನರೆಂದರೆ ಇಲ್ಲಿ ಪಕ್ಕದಲ್ಲಿ ಕಪ್ಪು ವರ್ಣದವರು ಕುಳಿತರೆ ಸಹಿಸಲಾಗದ ಬಿಳಿಯರು. ರಿಯಾಯಿತಿಯಾಗಿ ಬಂದದ್ದು ನಿಯಮವಾಯಿತು. 1881ರಲ್ಲಿ ಮಿಶ್ರವರ್ಣದವರಿಗೆಂದೇ ಪ್ರತ್ಯೇಕ ಮಿಷನ್ ಸಭೆ ಸ್ಥಾಪನೆಯಾಯಿತು. 1948ರಲ್ಲಿ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದು ವರ್ಣಭೇದವನ್ನು ದೇಶದ ಕಾನೂನಾಗಿ ಕಟ್ಟತೊಡಗಿದಾಗ ಪ್ರಧಾನಿಯಾಗಿದ್ದ ಡಿ. ಎಫ್. ಮಲಾನ್ ಹಿಂದೆ ಅದೇ ಸಭೆಯ ಪಾಲಕರಾಗಿದ್ದವರು. ಪೀಠದ ಮೇಲಿನಿಂದ ಕಲಿಸಿದ್ದನ್ನೇ ಸರಕಾರ ಕಾನೂನಿನ ಪುಸ್ತಕಕ್ಕೆ ಬರೆಯಿತು ಎಂದರೆ ಅತಿಶಯೋಕ್ತಿಯಾಗಲಾರದು.

1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದರು. ಅದೇ ವರ್ಷದ ಡಿಸೆಂಬರಿನಲ್ಲಿ ಚರ್ಚುಗಳ ವಿಶ್ವ ಮಂಡಳಿಯು ಜೊಹಾನ್ಸ್‌ಬರ್ಗ್‌ನ ಕಾಟ್ಸ್‌ಲೋದಲ್ಲಿ ತನ್ನ ಸದಸ್ಯ ಸಭೆಗಳನ್ನು ಕೂಡಿಸಿತು. ಅಂತರ್ವರ್ಣೀಯ ವಿವಾಹವನ್ನು ಸತ್ಯವೇದ ನಿಷೇಧಿಸುವುದಿಲ್ಲ, ಬಣ್ಣದ ಕಾರಣಕ್ಕೆ ಯಾರನ್ನೂ ಯಾವ ಚರ್ಚಿನಿಂದಲೂ ಹೊರಗಿಡಲಾಗದು ಎಂಬಂಥ ಮಾತುಗಳಿಗೆ ಬಿಳಿಯರ ಸಭೆಯ ಪ್ರತಿನಿಧಿಗಳಲ್ಲಿಯೂ ಅನೇಕರು ಒಪ್ಪಿದರು. ಪ್ರಧಾನಿ ವೆರ್ವೂರ್ಡ್ ಸಿಟ್ಟಾದರು. ಸಿನೊಡ್‌ಗಳು ತಮ್ಮ ಪ್ರತಿನಿಧಿಗಳ ಮಾತನ್ನೇ ತಿರಸ್ಕರಿಸಿ ವಿಶ್ವ ಮಂಡಳಿಯಿಂದ ಹೊರಬಂದವು. ಆ ಪ್ರತಿನಿಧಿಗಳಲ್ಲಿ ಒಬ್ಬರಾಗಿದ್ದ ಬೇಯರ್ಸ್ ನೌಡೆ ಮಾತ್ರ ಆಡಿದ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. 1963ರಲ್ಲಿ ಅವರು ಕ್ರಿಶ್ಚಿಯನ್ ಇನ್‌ಸ್ಟಿಟ್ಯೂಟ್ ಸ್ಥಾಪಿಸಿ ತಮ್ಮ ಸಭಾಪಾಲನೆಯನ್ನು ಬಿಟ್ಟರು; 1977ರಿಂದ 1984ರವರೆಗೆ ಸರಕಾರ ಅವರ ಮೇಲೆ ನಿರ್ಬಂಧ ಹೇರಿತ್ತು. ಅವರ ತಂದೆ ಬಿಳಿಯ ಆಫ್ರಿಕಾನರ್ ರಾಷ್ಟ್ರೀಯವಾದಿಗಳ ರಹಸ್ಯ ಸಂಘವಾದ ಬ್ರೂಡರ್‌ಬಾಂಡ್‌ನ ಸ್ಥಾಪಕರಲ್ಲಿ ಒಬ್ಬರು. ಸ್ವಂತ ಮನೆತನವನ್ನೇ ಎದುರು ಹಾಕಿಕೊಳ್ಳುವುದೆಂದರೇನು ಎಂಬುದನ್ನು ಒಂದೇ ಊರಿನಲ್ಲಿ, ಒಂದೇ ಸಮುದಾಯದೊಳಗೆ ಬೆಳೆದ ನಮ್ಮಂಥವರಿಗೆ ಯಾರೂ ವಿವರಿಸಬೇಕಾಗಿಲ್ಲ.

ವಿಶ್ವ ಮಂಡಳಿ ಸುಮ್ಮನಾಗಲಿಲ್ಲ. 1969ರಲ್ಲಿ ಅದು ವರ್ಣದ್ವೇಷದ ವಿರುದ್ಧ ಹೋರಾಡುವ ಕಾರ್ಯಕ್ರಮವನ್ನು ರೂಪಿಸಿತು. ಆಗ ಅದರ ಕೇಂದ್ರ ಸಮಿತಿಯ ಅಧ್ಯಕ್ಷರಾಗಿದ್ದವರು ನಮ್ಮ ನೆರೆಯ ಕೇರಳದ ಮಾರ್ತೋಮಾ ಸಭೆಯ ಎಂ. ಎಂ. ಥಾಮಸ್ ಎಂಬುದನ್ನು ಇಲ್ಲಿನ ಕ್ರೈಸ್ತರೇ ಬಹುಮಟ್ಟಿಗೆ ಮರೆತಿದ್ದಾರೆ. 1970ರಲ್ಲಿ ಮಂಡಳಿಯು ವಿಶೇಷ ನಿಧಿಯೊಂದರಿಂದ ವಿಮೋಚನಾ ಚಳವಳಿಗಳಿಗೆ ಮಾನವೀಯ ಉದ್ದೇಶಕ್ಕೆಂದು ಹಣ ಕೊಟ್ಟಿತು, ಆದರೆ ಅದನ್ನು ಹೇಗೆ ಖರ್ಚು ಮಾಡಬೇಕೆಂಬ ನಿಯಂತ್ರಣವನ್ನು ತನ್ನಲ್ಲಿ ಇಟ್ಟುಕೊಳ್ಳಲಿಲ್ಲ. ಪಾಶ್ಚಾತ್ಯ ಸಭೆಗಳಲ್ಲಿ ದೊಡ್ಡ ಗಲಾಟೆಯೇ ಎದ್ದಿತು. ಕಾಣಿಕೆಯ ಹಣದಿಂದ ಬಂದೂಕು ಕೊಳ್ಳುತ್ತಾರೆ ಎಂಬುದು ಟೀಕಾಕಾರರ ವಾದ. ಕಡೆಗೆ ಸಾಲ್ವೇಶನ್ ಆರ್ಮಿ ಮಂಡಳಿಯ ಸದಸ್ಯತ್ವವನ್ನೇ ತೊರೆಯಿತು. ಆ ಆಕ್ಷೇಪದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಆದರೂ ಹಣ ಕೊಡುವಾಗ ಪಡೆಯುವವರ ಮೇಲೆ ಯಜಮಾನಿಕೆ ಮಾಡುವ ಮಿಷನರಿ ಕಾಲದ ಚಾಳಿಯನ್ನು ಮಂಡಳಿಯು ಅಂದು ಬಿಟ್ಟುಕೊಟ್ಟದ್ದು ಸರಿಯೆಂದೇ ನನಗೆ ತೋರುತ್ತದೆ. ದಾನ ಪಡೆದ ಸಭೆಗಳ ವಂಶಸ್ಥರಾದ ನಮಗೆ ಆ ಯಜಮಾನಿಕೆಯ ರುಚಿ ಚೆನ್ನಾಗಿ ಗೊತ್ತಿದೆ.

ಷೇರುಗಳ ಪ್ರಶ್ನೆ ಇನ್ನೂ ಸ್ವಾರಸ್ಯಕರವಾದದ್ದು. 1971ರಲ್ಲಿ ಅಮೆರಿಕದ ಎಪಿಸ್ಕೋಪಲ್ ಸಭೆಯು ಜನರಲ್ ಮೋಟಾರ್ಸ್ ಕಂಪನಿಯ ಷೇರುದಾರನಾಗಿ, ದಕ್ಷಿಣ ಆಫ್ರಿಕಾದಿಂದ ಹೊರಬರಬೇಕೆಂಬ ನಿರ್ಣಯವನ್ನು ಕಂಪನಿಯ ವಾರ್ಷಿಕ ಸಭೆಯ ಮುಂದಿಟ್ಟಿತು. ನಿರ್ಣಯ ಸೋತಿತು, ಆದರೆ ಷೇರುದಾರನೆಂಬ ನೆಲೆಯಿಂದ ಧರ್ಮಸಂಸ್ಥೆಯೊಂದು ಮಾತನಾಡುವ ಹೊಸ ದಾರಿ ತೆರೆಯಿತು. ಮರುವರ್ಷ ವಿಶ್ವ ಮಂಡಳಿಯೇ ದಕ್ಷಿಣ ಆಫ್ರಿಕಾದಲ್ಲಿ ವ್ಯವಹರಿಸುವ ಕಂಪನಿಗಳಲ್ಲಿದ್ದ ತನ್ನ ಹೂಡಿಕೆಯನ್ನು ಮಾರಲು ತೀರ್ಮಾನಿಸಿತು. ಫಿಲಡೆಲ್ಫಿಯಾದ ಬ್ಯಾಪ್ಟಿಸ್ಟ್ ಬೋಧಕ ಲಿಯಾನ್ ಸಲಿವನ್ ಜನರಲ್ ಮೋಟಾರ್ಸ್‌ನ ನಿರ್ದೇಶಕ ಮಂಡಳಿಯೊಳಗೇ ಕುಳಿತು, ದಕ್ಷಿಣ ಆಫ್ರಿಕಾದಲ್ಲಿ ವ್ಯವಹರಿಸುವ ಅಮೆರಿಕದ ಕಂಪನಿಗಳಿಗೆ 1977ರಲ್ಲಿ ನಡವಳಿಕೆಯ ಸೂತ್ರಗಳನ್ನು ರೂಪಿಸಿದರು. ಹತ್ತು ವರ್ಷ ಕಾದು ನೋಡಿ, ಇದು ಸಾಲದು, ಕಂಪನಿಗಳು ಆ ದೇಶವನ್ನೇ ಬಿಡಬೇಕು ಎಂದು 1987ರಲ್ಲಿ ಅವರೇ ಸಾರಿದರು. ಒಳಗಿದ್ದುಕೊಂಡೇ ಸುಧಾರಿಸುತ್ತೇವೆ ಎನ್ನುವವರು ಆ ಪ್ರಯತ್ನಕ್ಕೊಂದು ಗಡುವು ಇಟ್ಟುಕೊಳ್ಳುವುದು ಎಷ್ಟು ಅಗತ್ಯ ಎಂಬುದಕ್ಕೆ ಸಲಿವನ್ನರಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಹಣಕ್ಕಿಂತ ಬಲವಾಗಿ ತಟ್ಟಿದ್ದು ಪವಿತ್ರ ಭೋಜನದ ಮೇಜು. 1982ರಲ್ಲಿ ಕೆನಡಾದ ಒಟ್ಟಾವಾದಲ್ಲಿ ರಿಫಾರ್ಮ್ಡ್ ಸಭೆಗಳ ವಿಶ್ವ ಒಕ್ಕೂಟ ಕೂಡಿದಾಗ ಮಿಷನ್ ಸಭೆಯ ಪಾಲಕ ಅಲನ್ ಬೂಸಾಕ್ ಮತ್ತು ದಕ್ಷಿಣ ಆಫ್ರಿಕಾದ ಇತರ ಕೆಲವು ಪ್ರತಿನಿಧಿಗಳು, ಸ್ವದೇಶದಲ್ಲಿ ತಮ್ಮೊಂದಿಗೆ ರೊಟ್ಟಿ ಮುರಿಯಲು ಒಪ್ಪದ ಬಿಳಿಯ ಸಭೆಗಳ ಜೊತೆ ವಿದೇಶದಲ್ಲಿ ಮಾತ್ರ ಭೋಜನ ಸ್ವೀಕರಿಸುವುದು ಸುಳ್ಳಾಗುತ್ತದೆ ಎಂದು ಹಿಂದೆ ಉಳಿದರು. ಒಕ್ಕೂಟವು ವರ್ಣಭೇದವನ್ನು ಪಾಪವೆಂದೂ ಅದಕ್ಕೆ ಕೊಡುವ ದೈವಶಾಸ್ತ್ರೀಯ ಸಮರ್ಥನೆಯನ್ನು ದುರ್ಬೋಧನೆಯೆಂದೂ ಘೋಷಿಸಿ, ಬಿಳಿಯರ ಎರಡು ಸಭೆಗಳ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟಿತು. ಅದೇ ವರ್ಷ, 1881ರಲ್ಲಿ ಪ್ರತ್ಯೇಕಿಸಿ ಇಟ್ಟಿದ್ದ ಮಿಷನ್ ಸಭೆಯೇ ವರ್ಣದ ಆಧಾರದ ವಿಂಗಡಣೆಯನ್ನು ತಿರಸ್ಕರಿಸುವ ಬೆಲ್ಹಾರ್ ವಿಶ್ವಾಸಪ್ರಮಾಣದ ಕರಡನ್ನು ಬರೆಯಿತು. 1986ರಲ್ಲಿ ಅದನ್ನು ವಿಧ್ಯುಕ್ತವಾಗಿ ಅಂಗೀಕರಿಸಿತು. ಹೊರಗೆ ಇರಿಸಲ್ಪಟ್ಟವರೇ ಒಳಗಿನವರಿಗೆ ವಿಶ್ವಾಸವೆಂದರೇನು ಎಂದು ಕಲಿಸಿದ ಈ ಘಟನೆಗೆ ಸಭಾ ಚರಿತ್ರೆಯಲ್ಲಿ ಸಿಗಬೇಕಾದಷ್ಟು ಜಾಗ ನಮ್ಮ ಸೆಮಿನರಿಗಳಲ್ಲಿ ಸಿಕ್ಕಿಲ್ಲ.

1985ರಲ್ಲಿ ಸೊವೆಟೊದಿಂದ ಹೊರಬಂದ, ದೈವಶಾಸ್ತ್ರಜ್ಞರ ಗುಂಪೊಂದು ಬರೆದ ಕೈರೋಸ್ ದಸ್ತಾವೇಜು ಸರಕಾರದ ಜೊತೆಗೆ, ವರ್ಣಭೇದವನ್ನು ಬಾಯಿಮಾತಿನಲ್ಲಿ ವಿರೋಧಿಸುತ್ತಿದ್ದ ಇಂಗ್ಲಿಷ್ ಭಾಷಿಕ ಚರ್ಚುಗಳನ್ನೂ ಕಟಕಟೆಗೆ ತಂದಿತು. ನ್ಯಾಯ ದೊರೆಯುವ ಮೊದಲೇ ರಾಜಿಯ ಮಾತಾಡುವುದು, ಪೊಲೀಸರ ಗುಂಡನ್ನೂ ಹುಡುಗರ ಕಲ್ಲನ್ನೂ ಹಿಂಸೆ ಎಂಬ ಒಂದೇ ಪದದಡಿ ತೂಗುವುದು, ಅಧಿಕಾರಸ್ಥರ ಮನಸ್ಸು ಕರಗಲೆಂದು ಕಾಯುವುದು, ಇವೆಲ್ಲವೂ ಅನ್ಯಾಯಕ್ಕೇ ನೆರವಾಗುತ್ತವೆ ಎಂಬುದು ಅದರ ವಾದ. ಇಂದು ನಮ್ಮ ಚರ್ಚುಗಳಿಂದ ಹೊರಡುವ ಬಹುಪಾಲು ಹೇಳಿಕೆಗಳನ್ನು ಈ ಮಾನದಂಡಕ್ಕೆ ಒಡ್ಡಿದರೆ ಉಳಿಯುವುದು ಕಡಿಮೆ. ದಕ್ಷಿಣ ಆಫ್ರಿಕಾದ ಚರ್ಚುಗಳ ಮಂಡಳಿಯು ಮಾತಿನ ಹಂತವನ್ನು ದಾಟಿ ಬಂಧಿತರ ಕುಟುಂಬಗಳಿಗೂ ಮೊಕದ್ದಮೆಗಳ ಖರ್ಚಿಗೂ ನೆರವಾಗುತ್ತಿತ್ತು. ಅದರ ಕೇಂದ್ರ ಕಚೇರಿ ಖೋಟ್ಸೊ ಹೌಸನ್ನು 1988ರ ಆಗಸ್ಟ್ 31ರಂದು ಸರಕಾರದ ಪೊಲೀಸರೇ ಬಾಂಬಿಟ್ಟು ಒಡೆದರು. ಬರಿಯ ಖಂಡನಾ ನಿರ್ಣಯಗಳಿಗಾಗಿ ಯಾರೂ ಕಟ್ಟಡ ಉರುಳಿಸುವುದಿಲ್ಲ.

ಚರ್ಚುಗಳಿಂದಲೇ ವರ್ಣಭೇದ ಕುಸಿಯಿತೆಂದು ಇದರ ಅರ್ಥವಲ್ಲ. ಕಾರ್ಮಿಕ ಸಂಘಗಳು, ಟೌನ್‌ಶಿಪ್‌ಗಳೆಂಬ ಕಪ್ಪು ವರ್ಣದವರ ಪ್ರತ್ಯೇಕ ಬಡಾವಣೆಗಳ ಯುವಕರು, ಅಂತರರಾಷ್ಟ್ರೀಯ ದಿಗ್ಬಂಧನ, ಶೀತಲ ಸಮರದ ಅಂತ್ಯ ಎಲ್ಲವೂ ಸೇರಿ ಆದದ್ದು ಅದು. 1994ರಲ್ಲಿ ಮಿಶ್ರವರ್ಣದವರ ಮತ್ತು ಕಪ್ಪು ವರ್ಣದವರ ರಿಫಾರ್ಮ್ಡ್ ಸಭೆಗಳು ಒಂದಾದಾಗ ಬಿಳಿಯರ ಮೂಲ ಸಭೆ ಅದರಲ್ಲಿ ಸೇರಲಿಲ್ಲ ಎಂಬುದನ್ನೂ ಹೇಳಬೇಕು.

ಬಡ ದೇಶಗಳ ಸಾಲಮನ್ನಾ ಚಳವಳಿಯ ಕಥೆ ಹೆಚ್ಚು ಪರಿಚಿತವಾದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಯಾಜಕಕಾಂಡದ 25ನೆಯ ಅಧ್ಯಾಯದ ಜೂಬಿಲಿ ವರ್ಷದ, ಅಂದರೆ ಐವತ್ತು ವರ್ಷಕ್ಕೊಮ್ಮೆ ಬರುವ ಬಿಡುಗಡೆಯ ವರ್ಷದ, ಕಲ್ಪನೆಯನ್ನು ಹಿಡಿದು 1998ರ ಮೇ 16ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಜಿ-8 ನಾಯಕರ ಸುತ್ತ ಸುಮಾರು 70,000 ಜನ ಮಾನವ ಸರಪಳಿ ಕಟ್ಟಿದರು. ಅವರಲ್ಲಿ ಬಹಳಷ್ಟು ಮಂದಿ ಬಂದದ್ದು ಚರ್ಚುಗಳಿಂದ. ಅದು ಫಲ ಕೊಟ್ಟ ಚಳವಳಿ. ಆದರೆ ಅಲ್ಲಿ ಮನ್ನಾ ಆಗಬೇಕಾಗಿದ್ದ ಹಣ ಸರಕಾರಗಳದ್ದು, ಬ್ಯಾಂಕುಗಳದ್ದು. ಸಭೆಯ ಸ್ವಂತ ಬೊಕ್ಕಸದ ಪ್ರಶ್ನೆ ಬಂದಾಗ ದನಿ ಇಷ್ಟು ಸಲೀಸಾಗಿ ಏರುವುದಿಲ್ಲ.

ಆ ಪ್ರಶ್ನೆಯನ್ನು ಇಂಗ್ಲೆಂಡಿನ ಆಂಗ್ಲಿಕನ್ ಸಭೆ ತೀರಾ ತಡವಾಗಿ ಎದುರಿಸಿತು. ಸುವಾರ್ತಾ ಪ್ರಸಾರ ಸಂಘವೊಂದು ಬಾರ್ಬಡೋಸಿನಲ್ಲಿ ಕಾಡ್ರಿಂಗ್ಟನ್ ಕಬ್ಬಿನ ತೋಟಗಳ ಒಡೆಯನಾಗಿತ್ತು. ಅಲ್ಲಿನ ಗುಲಾಮರ ಎದೆಯ ಮೇಲೆ ಸಂಘದ ಹೆಸರನ್ನೇ ಬರೆ ಹಾಕಲಾಗುತ್ತಿತ್ತು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದಾದಾಗ 411 ಗುಲಾಮರ ಬಾಬ್ತು 8,823 ಪೌಂಡು ಪರಿಹಾರ ಸಿಕ್ಕಿದ್ದು ಸಂಘಕ್ಕೆ, ಗುಲಾಮರಿಗಲ್ಲ. ಇದಕ್ಕಾಗಿ ಸಿನೊಡ್ ಕ್ಷಮೆ ಕೋರಿದ್ದು 2006ರಲ್ಲಿ. 2023ರ ಜನವರಿಯಲ್ಲಿ ಆ ಸಭೆಯ ನಿಧಿಯನ್ನು ನೋಡಿಕೊಳ್ಳುವ ಚರ್ಚ್ ಕಮಿಷನರುಗಳು, ತಮ್ಮ ನಿಧಿಯ ಮೂಲಗಳಲ್ಲಿ ಒಂದಾದ, ಬಡ ಪಾಲಕರ ನೆರವಿಗೆಂದು 1704ರಲ್ಲಿ ಸ್ಥಾಪಿತವಾದ ಕ್ವೀನ್ ಆ್ಯನ್ ಬೌಂಟಿಯು ಗುಲಾಮರ ವ್ಯಾಪಾರ ನಡೆಸಿದ ಸೌತ್ ಸೀ ಕಂಪನಿಯಲ್ಲಿ ಹಣ ತೊಡಗಿಸಿತ್ತು ಎಂಬುದನ್ನು ಲೆಕ್ಕಪತ್ರ ತೆಗೆದು ತೋರಿಸಿ, ಒಂಬತ್ತು ವರ್ಷಗಳಲ್ಲಿ 10 ಕೋಟಿ ಪೌಂಡು ಮೀಸಲಿಡುವುದಾಗಿ ಪ್ರಕಟಿಸಿದರು. ಅವರೇ ನೇಮಿಸಿದ ಸ್ವತಂತ್ರ ಸಮಿತಿಯು ಮರುವರ್ಷ ಆ ಮೊತ್ತ ಏನೇನೂ ಸಾಲದು, 100 ಕೋಟಿಯ ಗುರಿ ಬೇಕು ಎಂದಿತು. ಸಾಕೋ ಸಾಲದೋ, ಸುವಾರ್ತೆಯ ಸುಂಕದವನಾದ ಜಕ್ಕಾಯನು ವಂಚಿಸಿದ್ದರ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ನಿಂತು ಹೇಳಿದ ದಿಕ್ಕಿನಲ್ಲಿ ಇದೊಂದು ಹೆಜ್ಜೆ.

ಭಾರತದಲ್ಲಿರುವ ನಮಗೆ ಈ ಕಥೆಗಳು ದೂರದವಲ್ಲ. ಕೇಪ್ ಸಿನೊಡ್ ಕೆಲವರ ಬಲಹೀನತೆಗೆ ಮಣಿಯುವುದಕ್ಕೂ ಎರಡು ದಶಕಗಳ ಹಿಂದೆ, 1833ರಲ್ಲಿ, ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗಿನ ಜಾತಿಯನ್ನು ಖಂಡಿತವಾಗಿ, ತಕ್ಷಣವೇ, ಅಂತಿಮವಾಗಿ ಬಿಡಬೇಕೆಂದು ಆಜ್ಞೆ ಹೊರಡಿಸಿದಾಗ ತಂಜಾವೂರಿನ ಮೇಲ್ಜಾತಿ ಕ್ರೈಸ್ತರಲ್ಲಿ ಅನೇಕರು ಸಭೆಯನ್ನು ಬಿಟ್ಟರೇ ಹೊರತು ಜಾತಿಯನ್ನು ಬಿಡಲಿಲ್ಲ. ತಿರುಚಿರಾಪಳ್ಳಿಯ ಕ್ರೈಸ್ತ ಸ್ಮಶಾನವೊಂದರಲ್ಲಿ ದಲಿತರ ಸಮಾಧಿಗಳನ್ನು ಬೇರ್ಪಡಿಸುವ ಗೋಡೆಯ ವಿರುದ್ಧ ನಮ್ಮ ಕಾಲದಲ್ಲಿಯೇ ಹೋರಾಟ ನಡೆದಿದೆ. ಭಾರತದ ಕ್ಯಾಥೊಲಿಕ್ ಬಿಷಪರ ಸಮ್ಮೇಳನ 2016ರ ಡಿಸೆಂಬರಿನಲ್ಲಿ ತನ್ನ ದಲಿತ ನೀತಿಯಲ್ಲಿ ಚರ್ಚಿನೊಳಗೆ ಅಸ್ಪೃಶ್ಯತೆ ಇರುವುದನ್ನು ಬರಹದಲ್ಲಿ ಒಪ್ಪಿಕೊಂಡಿತು. ದಲಿತ ಸಮುದಾಯದಿಂದ ಬಂದ ಮೊದಲ ಕಾರ್ಡಿನಲ್, ಹೈದರಾಬಾದಿನ ಆ್ಯಂಟನಿ ಪೂಲಾ, ಆ ಪದವಿಗೇರಿದ್ದು 2022ರಲ್ಲಿ. 1950ರ ರಾಷ್ಟ್ರಪತಿ ಆದೇಶದ ಮೂರನೆಯ ಕಂಡಿಕೆ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನ ನಿರಾಕರಿಸುತ್ತದೆ. ಅದನ್ನು ಪ್ರಶ್ನಿಸಿ ಚರ್ಚುಗಳು ದಶಕಗಳಿಂದ ಹೋರಾಡುತ್ತಿರುವುದು ನ್ಯಾಯವೇ. ಆದರೆ ಸರಕಾರವನ್ನು ಕೇಳುವ ಅದೇ ಸಭೆಯು ತನ್ನ ಶಾಲೆಗಳ ನೇಮಕಾತಿಯಲ್ಲಿ, ತನ್ನ ಪಾಲಕರ ವರ್ಗಾವಣೆಯಲ್ಲಿ, ತನ್ನ ಮದುವೆ ಮಾತುಕತೆಗಳಲ್ಲಿ ಜಾತಿಯನ್ನು ವಿಚಾರಿಸುವುದಾದರೆ ಆ ಬೇಡಿಕೆಗೆ ಬಲ ಎಲ್ಲಿಂದ ಬರಬೇಕು?

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ವಿಶ್ವಾಸಕ್ಕೆ ಬಂದು ಜಾತಿಯ ಕಸುಬನ್ನೂ ಮನೆಯನ್ನೂ ಕಳೆದುಕೊಂಡವರಿಗೆ ಪ್ರಾರ್ಥನೆಯ ಜೊತೆಗೆ ಮಗ್ಗವನ್ನೂ ಕೊಟ್ಟಿತು. 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಆ ಕಾರ್ಖಾನೆಗಳ ಶಿಸ್ತಿನ ಬಗ್ಗೆ, ಕೆಲಸಗಾರ ಮತ್ತು ಮಿಷನರಿಯ ನಡುವಿನ ಅಂತರದ ಬಗ್ಗೆ ಹೇಳಬೇಕಾದ ಟೀಕೆಗಳಿವೆ. ಆದರೂ ಬೋಧನೆಯಿಂದ ಜನರಿಗೆ ಆಗುವ ನಷ್ಟಕ್ಕೆ ಬೋಧಿಸಿದವರೂ ಹೊಣೆ ಎಂಬ ಅರಿವು ಅಲ್ಲಿತ್ತು.

ಹಾಗಾದರೆ ಈಗ ಮಾಡಬೇಕಾದದ್ದೇನು ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು 2014ರ ಒಂದು ಮತದಾನವನ್ನು. ಪ್ಯಾಲೆಸ್ಟೀನಿನ ಕ್ರೈಸ್ತರು 2009ರಲ್ಲಿ ದಕ್ಷಿಣ ಆಫ್ರಿಕಾದ ದಸ್ತಾವೇಜನ್ನು ನೆನಪಿಸುವ ಹೆಸರಿನಲ್ಲೇ ಕರೆಯೊಂದನ್ನು ಹೊರಡಿಸಿ ಜಗತ್ತಿನ ಸಭೆಗಳ ಬೆಂಬಲ ಬೇಡಿದ್ದರು. ಇಸ್ರೇಲ್ ಆಕ್ರಮಿಸಿಕೊಂಡಿರುವ ಪ್ಯಾಲೆಸ್ಟೀನ್ ಪ್ರದೇಶಗಳಲ್ಲಿ ತಮ್ಮ ಉತ್ಪನ್ನಗಳು ಬಳಕೆಯಾಗುತ್ತಿರುವ ಮೂರು ಕಂಪನಿಗಳಿಂದ ಹೂಡಿಕೆ ಹಿಂತೆಗೆಯಬೇಕೇ ಎಂದು ಅಮೆರಿಕದ ಪ್ರೆಸ್‌ಬಿಟೇರಿಯನ್ ಸಭೆ ಮತಕ್ಕೆ ಹಾಕಿದಾಗ ಪರವಾಗಿ ಬಂದದ್ದು 310, ವಿರುದ್ಧ 303. ಯೆಹೂದಿ ನೆರೆಹೊರೆಯವರೊಂದಿಗಿನ ಸ್ನೇಹ ಕೆಡುವುದೆಂಬ ಆತಂಕ, ಶಾಂತಿಗೆ ಇದು ದಾರಿಯಲ್ಲವೆಂಬ ವಾದ, ಎಲ್ಲವೂ ಅಲ್ಲಿ ಗಂಭೀರವಾಗಿಯೇ ಮಂಡನೆಯಾದವು. ಆ ತೀರ್ಮಾನವನ್ನು ಒಪ್ಪದವರೂ ಅದು ಬೆಲೆ ತೆತ್ತ ತೀರ್ಮಾನವೆಂಬುದನ್ನು ಅಲ್ಲಗಳೆಯಲಾರರು. ಸರ್ವಾನುಮತದಿಂದ ಹತ್ತೇ ನಿಮಿಷದಲ್ಲಿ ಅಂಗೀಕಾರವಾಗುವ ನಮ್ಮ ನಿರ್ಣಯಗಳ ಬಗ್ಗೆ ನನಗಿರುವ ಗುಮಾನಿಗೆ ಕಾರಣವೂ ಇದೇ.

ಕರ್ನಾಟಕದ ಧರ್ಮಪ್ರಾಂತಗಳ ಬಳಿ ಜಗತ್ತಿನ ಮಾರುಕಟ್ಟೆ ಅಲುಗಾಡುವಷ್ಟು ಷೇರುಗಳಿಲ್ಲ, ನಿಜ. ಭೂಮಿ ಇದೆ, ಶಾಲೆಗಳಿವೆ, ಆಸ್ಪತ್ರೆಗಳಿವೆ, ಠೇವಣಿಗಳಿವೆ. ಕೊಲ್ಲಿ ದೇಶಗಳಲ್ಲಿ ಚಾಲಕರಾಗಿ, ದಾದಿಯರಾಗಿ, ಮನೆಗೆಲಸದವರಾಗಿ ದುಡಿಯುವ ಸಾವಿರಾರು ಸದಸ್ಯರಿದ್ದಾರೆ. ಪಾಸ್‌ಪೋರ್ಟನ್ನು ಮಾಲೀಕರಿಗೆ ಒಪ್ಪಿಸಿ ಸಂಬಳಕ್ಕಾಗಿ ಕಾಯುವವರ ಸಂಗತಿ ಕಾರ್ಮಿಕ ಇಲಾಖೆಗಿಂತ ಮೊದಲು ತಿಳಿಯುವುದು ಊರಿನ ಸಭಾಪಾಲಕರಿಗೆ, ಏಕೆಂದರೆ ತಾಯಿ ಬಂದು ಅಳುವುದು ಅವರ ಮುಂದೆ. ಆ ಮಾಹಿತಿಯನ್ನು ಸಂಗ್ರಹಿಸಿ, ಅಲ್ಲಿನ ಸಭೆಗಳೊಂದಿಗೂ ವಕೀಲರೊಂದಿಗೂ ಹಂಚಿಕೊಳ್ಳುವ ಒಬ್ಬ ಪೂರ್ಣಾವಧಿಯ ಕಾರ್ಯಕರ್ತನ ಸಂಬಳವನ್ನು ಭರಿಸುವುದು ಯಾವ ಪ್ರಾಂತಕ್ಕೂ ದೊಡ್ಡ ಹೊರೆಯಲ್ಲ. ಮುಂದಿನ ಬಾರಿ ದೂರದ ದೇಶವೊಂದರ ಅನ್ಯಾಯದ ಬಗ್ಗೆ ನಿರ್ಣಯ ಮಂಡನೆಯಾದಾಗ ಅದರೊಂದಿಗೆ ಪ್ರಾಂತದ ಠೇವಣಿಗಳು ಎಲ್ಲೆಲ್ಲಿವೆ, ಸಂಸ್ಥೆಗಳ ಸಫಾಯಿ ಕೆಲಸಗಾರರಿಗೆ ಕನಿಷ್ಠ ವೇತನ ಸಿಗುತ್ತಿದೆಯೇ, ಸ್ಮಶಾನದಲ್ಲಿ ಯಾರಿಗೆ ಯಾವ ಸಾಲು ಎಂಬ ವಿವರಗಳ ಅನುಬಂಧವೊಂದನ್ನು ಸದಸ್ಯರ ಕೈಗೆ ಕೊಡಬೇಕೆಂದು ನನ್ನ ಪ್ರಾಂತದ ಪ್ರತಿನಿಧಿಗಳಿಗೆ ಬರೆದು ಕೇಳಿದ್ದೇನೆ.