ಹೆದರಿಕೊಳ್ಳಲು ಆಟ ಬೇಕೇ ಎನ್ನುವವರಿಗೆ

‘ಹೆದರಿಕೊಳ್ಳೋಕಂತ ದೆವ್ವದ ಆಟ ಆಡ್ತೀಯಾ? ಅದೂ ಯಾರೋ ಅಭಿಮಾನಿಗಳು ಪುಕ್ಕಟೆ ಮಾಡಿದ್ದು?’ ಮನೆಗೆ ಬಂದವರೆಲ್ಲರೂ ಕೇಳುವ ಈ ಪ್ರಶ್ನೆಗೆ ಬಾಯಲ್ಲಿ ಉತ್ತರಿಸಿ ಸಾಕಾಗಿದೆ. ಇನ್ನು ಮುಂದೆ ಈ ಬರಹವನ್ನೇ ಕಳುಹಿಸುತ್ತೇನೆ.

ಮೊದಲನೆಯದಾಗಿ, ಅದರಲ್ಲಿರುವುದು ದೆವ್ವವಲ್ಲ, ಕಾಂಕ್ರೀಟಿನ ವಿಗ್ರಹ. ‘ಎಸ್‌ಸಿಪಿ: ಕಂಟೈನ್‌ಮೆಂಟ್ ಬ್ರೀಚ್’ ಎಂಬ ಈ ಕಂಪ್ಯೂಟರ್ ಆಟವನ್ನು ಫಿನ್ಲೆಂಡಿನ ಯೂನಾಸ್ ರಿಕ್ಕೊನೆನ್ 2012ರಲ್ಲಿ ಹೊರತಂದರು. ವಿಚಿತ್ರ ವಸ್ತು, ಜೀವಿಗಳನ್ನು ಹಿಡಿದು ಕೂಡಿಹಾಕುವ ‘ಎಸ್‌ಸಿಪಿ’ ಎಂಬ ಕಲ್ಪಿತ ಸಂಸ್ಥೆಯ ಹೆಸರಿನಲ್ಲಿ ಅಂತರ್ಜಾಲದಲ್ಲಿ ಹಲವರು ಸೇರಿ ಬರೆದ ಕಡತಗಳೇ ಅದಕ್ಕೆ ಆಧಾರ. ವಿಗ್ರಹದ ಕಡತ 2007ರದು. ‘ಹಾಗಾದರೆ ಕದ್ದದ್ದು’ ಎನ್ನಬೇಡಿ. ಮೂಲದವರ ಹೆಸರು ಹೇಳಿ, ಅದೇ ಷರತ್ತಿನಲ್ಲಿ ಹಂಚುವುದಾದರೆ ಯಾರು ಬೇಕಾದರೂ ಬಳಸಬಹುದೆಂದು ಬರೆದವರೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಅನುಮತಿ ಕೊಟ್ಟಿದ್ದಾರೆ.

ಹಿಂದಿನ ಸಲ ದುಗ್ಗಮ್ಮನ ಜಾತ್ರೆಗೆಂದು ದಾವಣಗೆರೆಯ ನಮ್ಮ ಮನೆಗೆ ಬಂದಿದ್ದ ದೊಡ್ಡಪ್ಪ, ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು, ಇದೇ ಪ್ರಶ್ನೆ ಕೇಳುತ್ತ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ನಾನು ಏನೂ ಹೇಳದೆ ಮೌಸನ್ನು ಅವರ ಕೈಗಿತ್ತೆ. ನೋಡುತ್ತಿರುವಷ್ಟು ಹೊತ್ತು ವಿಗ್ರಹ ಕದಲುವುದಿಲ್ಲ, ರೆಪ್ಪೆ ಮುಚ್ಚಿದೊಡನೆ ಬಂದು ಕತ್ತು ಮುರಿಯುತ್ತದೆ, ಪರದೆಯ ಕೆಳಗಿನ ಪಟ್ಟಿ ಕರಗಿದಾಗ ಆಟದೊಳಗಿನವನು ತಾನಾಗಿಯೇ ರೆಪ್ಪೆ ಬಡಿಯುತ್ತಾನೆ ಎಂದಷ್ಟೇ ತಿಳಿಸಿದೆ. ಪಟ್ಟಿ ಕರಗತೊಡಗಿತು. ದೊಡ್ಡಪ್ಪನ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಕಣ್ಣು ಅರಳಿಸಿಕೊಂಡೇ ಕೂತಿದ್ದರಿಂದ ನೀರು ಕೆನ್ನೆಗಿಳಿಯಿತು.

‘ನೀವು ರೆಪ್ಪೆ ಹೊಡೆದರೆ ಏನೂ ಆಗಲ್ಲ, ದೊಡ್ಡಪ್ಪಾ.’

‘ಸುಮ್ನಿರಲೇ, ಈಗ ಮಾತಾಡಿಸಬ್ಯಾಡ.’

ಪರದೆ ಒಂದು ಕ್ಷಣ ಕಪ್ಪಾಯಿತು, ಕಲ್ಲು ಉಜ್ಜಿದ ಸದ್ದು, ಕಟಕ್ಕೆಂದು ಕತ್ತು. ದೊಡ್ಡಪ್ಪ ಎಲೆಅಡಿಕೆಯನ್ನು ರಸದ ಸಮೇತ ನುಂಗಿ, ‘ಇನ್ನೊಂದು ಸಲ ಹಾಕು’ ಎಂದರು. ಆ ರಾತ್ರಿ ಹನ್ನೊಂದರವರೆಗೆ ಆಡಿದ ಅದೇ ಮನುಷ್ಯ, ಬೆಳಿಗ್ಗೆ ನನ್ನ ತಾಯಿಯ ಹತ್ತಿರ ‘ಹೆದರೋಕಂತ ಆಟ ಆಡ್ತಾನಲ್ಲಮ್ಮ ನಿನ್ನ ಮಗ’ ಎಂದು ದೂರಿದರು!

ಪುಕ್ಕಟೆಯದು ಎಂದು ಮೂಗು ಮುರಿಯುವ ಬದಲು, ಪುಕ್ಕಟೆಯ ಆಟ ಇಷ್ಟೊಂದು ಹೆದರಿಸುವುದು ಹೇಗೆ ಎಂದು ಯಾರಾದರೂ ಕೇಳಬಾರದೇ? ಮನುಷ್ಯಾಕೃತಿಯೊಂದು ನಂಬುವಂತೆ ನಡೆದುಬರುವುದನ್ನು ತೋರಿಸಲು ದೊಡ್ಡ ಕಂಪನಿಗಳು ದುಡ್ಡು ಸುರಿಯುತ್ತವೆ. ಇಲ್ಲಿ ವಿಗ್ರಹ ನಡೆಯುವುದನ್ನು ಆಡುವವನು ನೋಡುವಂತೆಯೇ ಇಲ್ಲವಾದ್ದರಿಂದ, ಆ ನಡಿಗೆಯನ್ನು ಯಾರೂ ರೂಪಿಸಬೇಕಾಗಿಯೇ ಇಲ್ಲ. ಅವೇ ಕೋಣೆಗಳು, ಅವೇ ಓಣಿಗಳು. ಪ್ರತಿ ಹೊಸ ಆಟಕ್ಕೂ ಕಂಪ್ಯೂಟರ್ ಅವುಗಳ ಜೋಡಣೆಯನ್ನು ಬದಲಿಸುವುದರಿಂದ ನಿನ್ನೆ ಬಾಯಿಪಾಠ ಮಾಡಿದ ದಾರಿ ಇವತ್ತು ಇರುವುದಿಲ್ಲ. ಬಡವನ ಮನೆಯ ಅಡುಗೆಯ ಹಾಗೆ, ಇದರಲ್ಲಿ ಇಲ್ಲದ್ದರಿಂದಲೇ ರುಚಿ ಹುಟ್ಟಿದೆ ಎಂದು ನನಗನ್ನಿಸುತ್ತದೆ.

ಮೊನ್ನೆ ದೊಡ್ಡಪ್ಪ ಫೋನು ಮಾಡಿ, ಕ್ಷೇಮಸಮಾಚಾರಕ್ಕೂ ಮೊದಲು, ‘ಅದರ ಮ್ಯಾಲಿನ ಕಣ್ಣು ತೆಗೀದೇ ಬಾಗಿಲು ದಾಟೋದು ಹೆಂಗಲೇ?’ ಎಂದು ಕೇಳಿದರು. ಹಿಂದೆ ಹಿಂದೆ ಹೆಜ್ಜೆಯಿಡಬೇಕು ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಬರಲಿಲ್ಲ.