ಅಂಗಾತ ಮಲಗಿದ ಮಳೆಗಾಲ

ಸೊಂಟದ ಕೀಲು ಬದಲಾಯಿಸಿಕೊಂಡವರನ್ನು ಮನೆಗೆ ಕಳಿಸುವಾಗ ಆಸ್ಪತ್ರೆಯಲ್ಲಿ ಒಂದು ಹಾಳೆ ಕೊಡುತ್ತಾರೆ. ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಚಬಾರದು, ಕಾಲಿನ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು, ನೆಲದ ಮೇಲೆ ಕೂರಬಾರದು. ಕೀಲನ್ನು ಹಿಂಬದಿಯಿಂದ ಬಿಡಿಸಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಈ ಪಥ್ಯ ಬಲು ಕಟ್ಟುನಿಟ್ಟು. ಹೊಲಿದ ಸ್ನಾಯುಗಳು ಕೂಡಿಕೊಳ್ಳುವ ಮೊದಲೇ ಕಾಲು ತಿರುಚಿತೆಂದರೆ ಹೊಸ ಗುಂಡು ತನ್ನ ಬಟ್ಟಲಿನಿಂದ ಜಾರಿ ಹೊರಬರಬಹುದು. ನರ್ಸ್ ಒಂದೊಂದು ಸಾಲಿಗೂ ಕೆಂಪು ಗೆರೆ ಎಳೆದು ವಿವರಿಸಿದಳು. ಹಾಳೆಯ ತಳದಲ್ಲಿದ್ದ ಕೊನೆಯ ಸಾಲಿಗೆ ಮಾತ್ರ ಗೆರೆಯೂ ಬೀಳಲಿಲ್ಲ, ವಿವರಣೆಯೂ ಸಿಗಲಿಲ್ಲ: ಆರು ವಾರ ಅಂಗಾತ ಮಲಗಬೇಕು, ಎರಡು ಕಾಲುಗಳ ನಡುವೆ ದಿಂಬಿರಬೇಕು.

ನಾನು ಬುದ್ಧಿ ಬಂದಾಗಿನಿಂದ ಬಲಮಗ್ಗುಲಿಗೆ ಮುದುಡಿ ಮಲಗಿದವಳು. ಶಸ್ತ್ರಚಿಕಿತ್ಸೆಯಾದದ್ದು ಎಡ ಕೀಲಿಗೆ. ಬಲಕ್ಕೆ ಹೊರಳಿದರೆ ಮೇಲಿನ ಎಡಗಾಲು ಮುಂದಕ್ಕೆ, ಒಳಕ್ಕೆ ಬೀಳುತ್ತದೆ. ಯಾವುದು ಕೂಡದೆಂದು ಬರೆದಿದ್ದಾರೋ ಅದೇ. ಎಡಕ್ಕೆ ಹೊರಳೋಣವೆಂದರೆ ಗಾಯವಿರುವುದೇ ಅಲ್ಲಿ. ಉಳಿದದ್ದು ಮಾಡಿನ ಹಂಚನ್ನು ನೋಡುತ್ತ ಮಲಗುವುದು.

ನಮ್ಮ ಉತ್ತರ ಕನ್ನಡದವರಿಗೆ ದೊಡ್ಡ ಶಸ್ತ್ರಚಿಕಿತ್ಸೆ ಎಂದರೆ ಹೆಚ್ಚಾಗಿ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಎದ್ದ ಕೂಗು ಎಲ್ಲರಿಗೂ ನೆನಪಿದೆ. ನಾವು ಮಾತ್ರ ಈಗಲೂ ಹೆದ್ದಾರಿ ಹಿಡಿದೇ ಹೋಗುತ್ತೇವೆ. ನಾನು ದಕ್ಷಿಣಕ್ಕೆ ಹೋಗಿದ್ದೆ. ಮರಳುವಾಗ ಕಾರಿನ ಸೀಟನ್ನು ಹಿಂದಕ್ಕೆ ಬಾಗಿಸಿ, ಅಡಿಗೆ ದಪ್ಪ ದಿಂಬು ಹಾಕಿ ಕೂರಿಸಿದರು. ಗಂಟೆಗೊಮ್ಮೆ ಇಳಿದು ನಿಲ್ಲಬೇಕೆಂದು ಹೇಳಿದ್ದರಿಂದ ಬೈಂದೂರು, ಭಟ್ಕಳ, ಹೊನ್ನಾವರಗಳಲ್ಲಿ ವಾಕರ್ ಹಿಡಿದು ರಸ್ತೆ ಬದಿಯಲ್ಲಿ ನಿಂತೆ. ಶರಾವತಿ ಸೇತುವೆ ದಾಟುವ ಹೊತ್ತಿಗೆ ಮಳೆ ಹಿಡಿಯಿತು. ಅಲ್ಲಿಂದ ಕುಮಟೆಯವರೆಗಿನ ಒಂದೊಂದು ಹೊಂಡವೂ ನನ್ನ ತೊಡೆಗೆ ಗೊತ್ತು.

ಮನೆಗೆ ಬಂದ ಮೇಲೆ ತಿಳಿದದ್ದು: ಕರಾವಳಿಯ ಹಳೆಯ ಮನೆಗಳನ್ನು ಕಟ್ಟಿದವರು ಮನುಷ್ಯನ ಸೊಂಟ ಎಂದೂ ಸವೆಯುವುದಿಲ್ಲ ಎಂದೇ ನಂಬಿದ್ದರು. ಊಟಕ್ಕೆ ಮಣೆ, ಕಾಯಿ ಹೆರೆಯಲು ನೆಲಕ್ಕೆ ಕೂರಬೇಕು, ತರಕಾರಿ ಹೆಚ್ಚುವ ಮೆಟ್ಟುಗತ್ತಿಗೂ ಕುಕ್ಕರುಗಾಲು ಬೇಕು. ಬಚ್ಚಲಿಗೆ ಎರಡು ಮೆಟ್ಟಿಲು ಇಳಿಯಬೇಕು. ಪ್ರತಿ ಬಾಗಿಲಿಗೂ ವಾಕರ್ ಎತ್ತಿ ದಾಟಿಸಬೇಕಾದಷ್ಟು ಎತ್ತರದ ಹೊಸ್ತಿಲು. ನನ್ನ ಮಂಚವೋ ಮೊಣಕಾಲಿಗಿಂತ ತಗ್ಗು. ಇವರು ಹಿತ್ತಿಲಲ್ಲಿ ಉಳಿದಿದ್ದ ಚಿರೆಕಲ್ಲನ್ನು ಸಮನಾಗಿ ಕಡಿಸಿ ಮಂಚದ ನಾಲ್ಕು ಕಾಲಿಗೂ ಕೊಟ್ಟರು. ಮಂಚ ಹತ್ತುವಾಗ ಎಡಗಾಲನ್ನು ಎತ್ತಲು ಬಲವಿರಲಿಲ್ಲ. ಹಳೆಯ ಶಾಲಿಗೆ ಕುಣಿಕೆ ಹಾಕಿ ಪಾದಕ್ಕೆ ಸಿಕ್ಕಿಸಿ ಕೈಯಿಂದ ಎಳೆದುಕೊಳ್ಳುವುದನ್ನು ಫಿಸಿಯೋಥೆರಪಿಯ ಹುಡುಗಿ ಕಲಿಸಿದಳು. ಪಾದ ಹೊರಕ್ಕೆ ವಾಲದಿರಲು ತೊಡೆಯ ಬದಿಗೆ ಸುರುಳಿ ಸುತ್ತಿದ ಕೌದಿಯನ್ನು ಒತ್ತಿ ಇಟ್ಟದ್ದೂ ಅವಳೇ.

ಇಷ್ಟೆಲ್ಲ ವ್ಯವಸ್ಥೆಯ ನಂತರ ದೀಪ ಆರಿಸಿದರೆ ನೋವು ಎದ್ದು ಕೂರುತ್ತಿತ್ತು. ವಿಚಿತ್ರವೆಂದರೆ ಗಾಯ ಅಷ್ಟು ನೋಯುತ್ತಿರಲಿಲ್ಲ. ಅಲುಗದೆ ಒತ್ತಿ ಒತ್ತಿ ಹಿಮ್ಮಡಿ ಉರಿಯುತ್ತಿತ್ತು. ಸೊಂಟದ ಹಿಂಭಾಗ ಹಲಗೆ ಕಟ್ಟಿರುತ್ತಿತ್ತು. ಮೊಣಕಾಲಿಗೆ ಏನೂ ಆಗಿರದಿದ್ದರೂ ಅದು ತೊಡೆಯ ನೋವಿನಲ್ಲಿ ಪಾಲು ಕೇಳುತ್ತಿತ್ತು. ಇಡೀ ದಿನ ಭಾರ ಹೊತ್ತ ಬಲಗಾಲು, ವಾಕರ್ ಒತ್ತಿದ ಅಂಗೈ, ಭುಜ, ಎಲ್ಲವೂ ರಾತ್ರಿಯೇ ಲೆಕ್ಕ ಒಪ್ಪಿಸಬೇಕು. ಊತ ತಡೆಯುವ ಬಿಗಿ ಕಾಲುಚೀಲದೊಳಗೆ ಜೂನ್ ತಿಂಗಳ ಸೆಕೆ ಬೇರೆ. ತೊಳೆದ ಜೋಡಿ ಒಣಗುವುದಿಲ್ಲವೆಂದು ಇವರು ಅದನ್ನು ಬಚ್ಚಲೊಲೆಯ ಮೇಲಿನ ಬಳ್ಳಿಗೆ ಹಾಕಿದ್ದರಿಂದ ಒಂದು ವಾರ ನನ್ನ ಕಾಲಿಗೆ ಹೊಗೆಯ ವಾಸನೆ.

ಹಗಲು ಮಾತು, ಓಡಾಟಗಳಲ್ಲಿ ಮರೆತ ನೋವು ರಾತ್ರಿ ಮೇಲೇಳುವುದಕ್ಕೆ ಮೈಯಲ್ಲಿಯೂ ಕಾರಣವಿದೆ. ಉರಿಯೂತವನ್ನು ಹತ್ತಿಕ್ಕುವ ಕಾರ್ಟಿಸೋಲ್ ಎಂಬ ಹಾರ್ಮೋನು ನಡುರಾತ್ರಿಯ ಸುಮಾರಿಗೆ ಅತಿ ಕಡಿಮೆ ಇರುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಈ ಕಾರಣ ತಿಳಿದದ್ದರಿಂದ ನೋವು ಕಡಿಮೆಯಾಗಲಿಲ್ಲ, ಸಿಟ್ಟು ಕಡಿಮೆಯಾಯಿತು. ನಿಜವಾಗಿ ಉಪಯೋಗಕ್ಕೆ ಬಂದದ್ದು ಮಾತ್ರೆಯ ಗಡಿಯಾರ. ಪ್ಯಾರಾಸಿಟಮಾಲ್ ಕೆಲಸ ಮಾಡುವುದು ನಾಲ್ಕರಿಂದ ಆರು ಗಂಟೆ. ರಾತ್ರಿ ಊಟವಾದೊಡನೆ ಎಂಟಕ್ಕೆ ನುಂಗಿದ ಮಾತ್ರೆ ಒಂದು ಗಂಟೆಗೆ ಕೈಬಿಡುತ್ತದೆ, ನನಗೆ ಎಚ್ಚರವಾಗುತ್ತಿದ್ದದ್ದೂ ಆಗಲೇ. ಊರಿನ ವೈದ್ಯರಿಗೆ ಹೇಳಿದೆ. ಅವರು ಕೊನೆಯ ಮಾತ್ರೆಯನ್ನು ಮಲಗುವ ವೇಳೆಗೆ ಸರಿಸಿದರು. ನಡುವೆ ಎಚ್ಚರವಾದರೆ ಇನ್ನೊಂದು ತೆಗೆದುಕೊಳ್ಳಲು, ದಿನದ ಒಟ್ಟು ಮಿತಿ ಮೀರದಂತೆ ಬರೆದಿಡಲು ಹೇಳಿದರು. ಆಸ್ಪತ್ರೆಯಿಂದ ಕೊಟ್ಟಿದ್ದ ಬಲವಾದ ಟ್ರಮಡಾಲ್ ಮಾತ್ರೆ ನಿದ್ದೆಯನ್ನೇನೋ ತರುತ್ತಿತ್ತು. ಜೊತೆಗೆ ವಾಕರಿಕೆಯನ್ನೂ ಮಲಬದ್ಧತೆಯನ್ನೂ ತರುತ್ತಿದ್ದುದರಿಂದ ಅದನ್ನು ವೈದ್ಯರನ್ನು ಕೇಳಿಯೇ ಬೇಗ ಬಿಟ್ಟೆ. ರಕ್ತ ತೆಳುವಾಗಿಸುವ ಮಾತ್ರೆ ಸುಮಾರು 35 ದಿನ ನಡೆಯುವುದರಿಂದ ಅಂಗಡಿಯಲ್ಲಿ ಸಿಗುವ ಬೇರೆ ನೋವಿನ ಗುಳಿಗೆಗಳನ್ನು ಕಣ್ಣೆತ್ತಿ ನೋಡುವಂತಿರಲಿಲ್ಲ. ಹೊಟ್ಟೆಯಲ್ಲಿ ರಕ್ತಸ್ರಾವದ ಭಯ.

ನೋಡಲು ಬರುವವರದ್ದು ಇನ್ನೊಂದು ಕತೆ. ಸರಿಯಾಗಿ ನನಗೆ ಜೊಂಪು ಹತ್ತುವ ಮಧ್ಯಾಹ್ನದ ಹೊತ್ತಿಗೇ ಬರುತ್ತಾರೆ. ಬಂದವರು ಕೇಳುವುದು, "ರಾತ್ರಿ ನಿದ್ದೆ ಬರುತ್ತದೆಯೇ?" ಒಬ್ಬರು ನನ್ನ ಮಲಗುವ ಭಂಗಿ ನೋಡಿ, "ಶರಶಯ್ಯೆಯ ಭೀಷ್ಮರೇ ಸರಿ" ಎಂದು ನಕ್ಕರು. ಭೀಷ್ಮರಿಗೆ ಉತ್ತರಾಯಣದ ಲೆಕ್ಕವಾದರೂ ಇತ್ತು. ಎಣ್ಣೆಯ ಸಲಹೆ ತಾರದವರು ಕಡಿಮೆ. ಒಬ್ಬರು ಬಾಟಲಿಯನ್ನೇ ಹಿಡಿದು ಬಂದು, ತೊಡೆಯಿಂದ ಪಾದದವರೆಗೆ ಎಳೆದು ತಿಕ್ಕಿದರೆ ಒಂದೇ ವಾರದಲ್ಲಿ ಓಡುತ್ತೀರಿ ಎಂದರು. ಊದಿದ ಕಾಲನ್ನು ತಿಕ್ಕಬಾರದು, ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋದೀತು ಎಂದು ವಿವರಿಸಿದೆ. ಅವರಿಗೆ ಬೇಸರವಾಯಿತು. ಆಗಲಿ.

ಊತಕ್ಕೆ ಹಿತವಾದದ್ದು ಐಸು. ಬಟ್ಟೆಯಲ್ಲಿ ಸುತ್ತಿ ಕಾಲು ಗಂಟೆ ಇಟ್ಟು ತೆಗೆದರೆ ಮಲಗುವ ಮೊದಲಿನ ಒಂದು ತಾಸು ಸುಖವಾಗಿ ಹೋಗುತ್ತಿತ್ತು. ಆದರೆ ಮಳೆಗಾಲದ ಕರೆಂಟನ್ನು ನಂಬಿ ಫ್ರಿಜ್ಜಿನಲ್ಲಿ ಐಸು ಮಾಡುವುದು ಹೇಗೆ? ಜೂನ್, ಜುಲೈ ಟ್ರಾಲಿಂಗ್ ನಿಷೇಧದ ತಿಂಗಳುಗಳಾದ್ದರಿಂದ ಬೋಟಿಗೆ ಹೋಗುವ ಪಕ್ಕದ ಮನೆಯ ಹುಡುಗ ಮನೆಯಲ್ಲೇ ಇದ್ದ. ಪೇಟೆಯಲ್ಲಿ ಎಲ್ಲಿಂದಲೋ ಐಸು ಸಂಪಾದಿಸಿ ತನ್ನ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತುಂಬಿ ತಂದ. "ಟೀಚರ್, ಚೆನ್ನಾಗಿ ತೊಳೆದಿದ್ದೇನೆ" ಎಂದು ಮೂರು ಬಾರಿ ಹೇಳಿದ. ಬಂಗಡೆಯ ವಾಸನೆ ತೊಳೆದರೆ ಹೋಗುವಂಥದ್ದೇ? ನಮ್ಮದು ಮೀನು ತಿನ್ನದ ಮನೆ. ಆ ಸಂಜೆ ನನ್ನ ನಾದಿನಿ ಸಿದ್ದಾಪುರದಿಂದ ಬಂದಿಳಿದವಳು ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು.

ನಾದಿನಿ ತಂದದ್ದು ಉಪ್ಪಿನಲ್ಲಿ ಹಾಕಿದ ಅಪ್ಪೆಮಿಡಿ. "ಅತ್ತಿಗೆ, ಗುಳಿಗೆಯೆಲ್ಲ ಯಾಕೆ? ನಾನು ಅಪ್ಪೆಹುಳಿ ಮಾಡಿಕೊಡುತ್ತೇನೆ, ನೀವು ಮಲಗಿದ್ದೇ ಗೊತ್ತಾಗುವುದಿಲ್ಲ" ಎಂದಳು. ಅಪ್ಪೆಹುಳಿ ಕುಡಿದರೆ ನಿದ್ದೆ ಬರುತ್ತದೆಂಬುದು ಘಟ್ಟದ ಮೇಲಿನ ಶಿರಸಿ–ಸಿದ್ದಾಪುರದವರ ಪ್ರಶ್ನಾತೀತ ನಂಬಿಕೆ. ಮಿಡಿಯನ್ನು ಕಿವುಚಿ, ನೀರು ಬೆರೆಸಿ, ಹಸಿಮೆಣಸು, ಇಂಗಿನ ಒಗ್ಗರಣೆ ಕೊಟ್ಟು ತಣ್ಣಗೆ ಕುಡಿಯುವುದು. ರಾತ್ರಿ ಊಟಕ್ಕೆ ಆಸೆಯಿಂದ ಎರಡು ಲೋಟ ಕುಡಿದೆ. ನಿದ್ದೆ ಬಂದದ್ದು ನಿಜ. ಎರಡು ಲೋಟದ ನೀರು ಒಂದೂವರೆ ತಾಸಿನಲ್ಲಿ ಎಬ್ಬಿಸಿದ್ದೂ ನಿಜ. ಕೌದಿ ಸರಿಸಿ, ದಿಂಬು ತೆಗೆದು, ಕುಣಿಕೆ ಹಾಕಿ ಕಾಲಿಳಿಸಿ, ಕರೆಂಟಿಲ್ಲದ ಕತ್ತಲಲ್ಲಿ ಇವರು ಬ್ಯಾಟರಿ ಹಿಡಿದು, ಕಮೋಡ್ ಕುರ್ಚಿಯವರೆಗೆ ಹೋಗಿ ಬರುವಷ್ಟರಲ್ಲಿ ಅಪ್ಪೆಹುಳಿಯ ಪುಣ್ಯವೆಲ್ಲ ಕರಗಿತ್ತು. ಮರುದಿನದಿಂದ ಅದು ಮಧ್ಯಾಹ್ನದ ಊಟಕ್ಕೆ ಬಂತು, ಒಂದೇ ಲೋಟ.

ಇದರ ನಡುವೆ ಒಂದು ರಾತ್ರಿ ಎಡಗಾಲಿನ ಮೀನಖಂಡ ಬಿಗಿದು ನೋಯತೊಡಗಿತು. ಇಷ್ಟು ದಿನದ ನೋವುಗಳ ಗುರುತು ನನಗೆ ಸಿಕ್ಕಿತ್ತು, ಇದು ಬೇರೆ. ಹಾಳೆಯಲ್ಲಿದ್ದ ಆಸ್ಪತ್ರೆಯ ಸಂಖ್ಯೆಗೆ ಇವರು ಕರೆ ಮಾಡುತ್ತಲೇ ಇದ್ದರು, ಯಾರೂ ಎತ್ತಲಿಲ್ಲ. ಊರಿನ ವೈದ್ಯರು ಎತ್ತಿದರು. ಉಸಿರು ಕಟ್ಟುತ್ತಿದೆಯೇ, ಎದೆ ನೋಯುತ್ತಿದೆಯೇ ಎಂದು ಮೊದಲು ಕೇಳಿದರು. ಇಲ್ಲ ಎಂದ ಮೇಲೆ ಟೇಪು ಹಿಡಿದು ಎರಡೂ ಮೀನಖಂಡಗಳ ಸುತ್ತಳತೆ ತೆಗೆಯಿರಿ ಎಂದರು. ಇವರು ನನ್ನ ಹೊಲಿಗೆ ಡಬ್ಬಿಯ ಟೇಪು ಹುಡುಕಿ ಅಳೆದರು. ಮೂರು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅನುಮಾನ ಬಲವಾಗುತ್ತದಂತೆ. ಅಷ್ಟಿರಲಿಲ್ಲ. ಆದರೂ ಬೆಳಿಗ್ಗೆ ಡಾಪ್ಲರ್ ಸ್ಕ್ಯಾನ್ ಮಾಡಿಸದೆ ಬಿಡಲಿಲ್ಲ. ಹೆಪ್ಪು ಇರಲಿಲ್ಲ, ಹಿಂದಿನ ದಿನ ಹುರುಪಿನಿಂದ ಹೆಚ್ಚು ನಡೆದ ಸ್ನಾಯು ಮುನಿದಿತ್ತು. ಆ ರಾತ್ರಿಯಿಡೀ ಪಾದವನ್ನು ಮೇಲೆ ಕೆಳಗೆ ಆಡಿಸುತ್ತ ಮಲಗಿದ್ದೆ. ಇವರು ಮಂಚದ ಪಕ್ಕದ ಕುರ್ಚಿಯಲ್ಲಿ ಎಚ್ಚರವಿದ್ದೇನೆಂದು ಹೇಳುತ್ತಲೇ ಗೊರಕೆ ಹೊಡೆದರು.

ಅದಾದ ಮೇಲೆ ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಒಂದೇ ಹಿಡಿತದ ನಿದ್ದೆ ಬೇಕೆಂಬ ಹಟ ಬಿಟ್ಟೆ. ಎಚ್ಚರವಾಗಿ ಇಪ್ಪತ್ತು ನಿಮಿಷದಲ್ಲಿ ನಿದ್ದೆ ಮರಳದಿದ್ದರೆ ಎದ್ದುಬಿಡುವುದು. ವಾಕರ್ ಹಿಡಿದು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುವುದು, ಎತ್ತರದ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ತಾಳಮದ್ದಲೆ ಹಾಕುವುದು. ಅರ್ಥಧಾರಿಗಳು ವಾದಕ್ಕಿಳಿದರೆ ನೋವು ಕೇಳಿಸುವುದಿಲ್ಲ. ದೂರದಲ್ಲಿ ಕೊಂಕಣ ರೈಲು ಹೋಗುವ ಸದ್ದು. ಮಳೆಗಾಲದ ವೇಳಾಪಟ್ಟಿಯಲ್ಲಿ ಅದರ ವೇಗಕ್ಕೂ ಕಡಿವಾಣ. ಅಲುಗದೆ ಮಲಗಿದ ಮೈ ನಡೆದಾಗ ಸಡಿಲವಾಗುತ್ತಿತ್ತು. ಮರಳಿ ಮಲಗಿದರೆ ಎರಡನೆಯ ಕಂತಿನ ನಿದ್ದೆ. ಹಿಮ್ಮಡಿಗೆ ಪರಿಹಾರ, ಮೀನಖಂಡದ ಕೆಳಗೆ ಮಡಚಿದ ಟವೆಲು. ಮೊಣಕಾಲಿನ ಕೆಳಗೆ ಮಾತ್ರ ದಿಂಬನ್ನು ಬಹಳ ಹೊತ್ತು ಇಡಬೇಡಿ, ಸೊಂಟ ಮಡಚಿಕೊಂಡೇ ಬಿಗಿಯುತ್ತದೆ ಎಂದು ಫಿಸಿಯೋಥೆರಪಿಯ ಹುಡುಗಿ ಗದರಿದ್ದಳು.

ಅಂಥದೇ ಒಂದು ಹೊತ್ತಿನಲ್ಲಿ ಜಾನ್ ಚಾರ್ನ್ಲಿಯ ಕುರಿತು ಓದಿದೆ. ಇಂಗ್ಲೆಂಡಿನ ಈ ಶಸ್ತ್ರವೈದ್ಯನೇ ಇಂದಿನ ಕೃತಕ ಸೊಂಟದ ಕೀಲಿಗೆ ತಳಪಾಯ ಹಾಕಿದವನು. ಮೊದಲು ಬಟ್ಟಲಿಗೆ ಟೆಫ್ಲಾನ್ ಬಳಸಿದ. ಅದು ಕೆಲವೇ ವರ್ಷಗಳಲ್ಲಿ ಸವೆದು ಪುಡಿಯಾಯಿತು. ಪುಡಿ ಮೈಯೊಳಗೆ ಏನು ಮಾಡುತ್ತದೆಂದು ತಿಳಿಯಲು ಅದನ್ನು ತನ್ನ ತೊಡೆಯೊಳಗೇ ಸೇರಿಸಿಕೊಂಡು ನೋಡಿದನಂತೆ. 1962ರಲ್ಲಿ ಪಾಲಿಎಥಿಲೀನ್ ಬಟ್ಟಲಿಗೆ ಬಂದ ಮೇಲೆ ಕೀಲು ಬಾಳಿಕೆ ಬಂತು. ತೊಡೆಯಲ್ಲಿ ಪ್ಲಾಸ್ಟಿಕ್ ಇಟ್ಟುಕೊಂಡ ಮಹಾನುಭಾವ ಆ ರಾತ್ರಿಗಳಲ್ಲಿ ಯಾವ ಮಗ್ಗುಲಿಗೆ ಮಲಗುತ್ತಿದ್ದನೋ, ಅದನ್ನು ಯಾರೂ ಬರೆದಿಲ್ಲ.

ಆರು ವಾರ ಕಳೆದು ಎಕ್ಸ್‌ರೇ ನೋಡಿದ ಸರ್ಜನ್, ಬಲಮಗ್ಗುಲಿಗೆ ಮಲಗಬಹುದು, ಮೊಣಕಾಲುಗಳ ನಡುವೆ ಎರಡು ಗಟ್ಟಿ ದಿಂಬು ಇರಲಿ ಎಂದರು. ಆ ರಾತ್ರಿಗೆಂದು ಹಬ್ಬದ ಉತ್ಸಾಹದಿಂದ ಮಲಗಿದೆ. ಇವರು ದಿಂಬುಗಳನ್ನು ಜೋಡಿಸಿದರು. ಸ್ವಲ್ಪ ಹೊತ್ತಿಗೇ ಬಲಭುಜ ಜೋಮು ಹಿಡಿಯಿತು, ದಿಂಬು ಜಾರಿತು, ಹೊರಳಲು ಹೋದರೆ ತೊಡೆ ಎಳೆಯಿತು. ಕೊನೆಗೆ ನಾನಾಗಿಯೇ ಅಂಗಾತ ಮಲಗಿ ನಿದ್ದೆಹೋದೆ. ಬಲಮಗ್ಗುಲು ಮತ್ತೆ ನನ್ನದಾಗಲು ಆಗಸ್ಟ್ ಬೇಕಾಯಿತು. ಎಡಕ್ಕೆ ಒರಗಿದರೆ ಗಾಯದ ಗೆರೆಯ ಮೇಲೆ ಈಗಲೂ ಚುಳುಕು; ಅವಸರವೇನೂ ಇಲ್ಲ.

ಮೊನ್ನೆ ಅಂಕೋಲೆಯ ಹಳೆಯ ಸಹೋದ್ಯೋಗಿಯೊಬ್ಬರು ಫೋನು ಮಾಡಿದ್ದರು. ಅವರಿಗೂ ಮುಂದಿನ ತಿಂಗಳು ಅದೇ ಶಸ್ತ್ರಚಿಕಿತ್ಸೆ. ಗುಂಡು ಲೋಹದ್ದು ಒಳ್ಳೆಯದೋ ಸೆರಾಮಿಕ್ ಒಳ್ಳೆಯದೋ, ಎಷ್ಟು ವರ್ಷ ಬಾಳುತ್ತದೆ, ವಿಮೆ ಎಷ್ಟು ಕೊಡುತ್ತದೆ ಎಂದೆಲ್ಲ ಕೇಳಿದರು. ಅದನ್ನೆಲ್ಲ ಸರ್ಜನ್ ಹೇಳುತ್ತಾರೆ, ನೀವು ಇವತ್ತಿನಿಂದಲೇ ಅಂಗಾತ ಮಲಗಿ ಅಭ್ಯಾಸ ಮಾಡಿ ಎಂದೆ. ಮಂಚದ ಎತ್ತರ ಕೇಳಿದೆ, ರಾತ್ರಿ ಎಷ್ಟು ಸಲ ಏಳುತ್ತೀರಿ ಎಂದು ಕೇಳಿದೆ. ಬಚ್ಚಲಿನ ಹೊಸ್ತಿಲು ಎಷ್ಟಿದೆ ಎಂದಾಗ ಮಾತ್ರ ಅವರಿಗೆ ಉತ್ತರ ಗೊತ್ತಿರಲಿಲ್ಲ. ಅಳೆದು ನೋಡಿ ಹೇಳುತ್ತೇನೆ ಎಂದು ಫೋನಿಟ್ಟರು.